ಹೊಳೆಆಲೂರಿನಿಂದ ಗಳಗನಾಥಕ್ಕೆ

ಹೊಳೆಆಲೂರು ಮಲಪ್ರಭೆಯ ದಂಡೆಯ ಮೇಲಿನ ಊರು. ಗದಗದಿಂದ ಹೊಟಗಿಯ ಕಡೆಗೆ ಹೋಗುವ ರೇಲ್ವೆ ದಾರಿ ಇಲ್ಲಿ ಹಾಯ್ದಿರುವುದರಿಂದ ರೋಣ ಸೀಮೆಯವರಿಗೆ ಇದು ಪರಸ್ಥಳಗಳಿಗೆ ಹೊರಡುವ ಹೆಬ್ಬಾಗಿಲಾಗಿದೆ. ಸುತ್ತಲೂ ಎರೆಯ ಹೊಲಗಳು. ಸುಗ್ಗಿಯಲ್ಲಿ ಬಿಳಿಜೋಳದ ಸೊಬಗು ಹೇಳತೀರದು. ಮಳೆ ಹಿಡಿದಾಗಲಾದರೋ ನಾಲ್ಕು ಹೆಜ್ಜೆ ನಡೆದವರ ಕಾಲಿಗೆ ಮಣ್ಣೇ ಜೋಡಾಗುವುದು. 2019ರಲ್ಲಿ ಹೊಳೆಯೇ ಊರೊಳಗೆ ಬಂದಿತ್ತು.

ಇಂಥ ಸೀಮೆಯಲ್ಲಿ ಪುಸ್ತಕದ ಗಂಟು ಹೊತ್ತು ಊರೂರು ತಿರುಗುವುದೆಂದರೇನೆಂಬುದನ್ನು ವಾಚಕರೇ ಊಹಿಸಬೇಕು. ಕಾದಂಬರಿಕಾರರಾದ ಗಳಗನಾಥರು ತಮ್ಮ ಗ್ರಂಥಗಳನ್ನು ಹಾಗೆಯೇ ಮಾರಿದರು. ಅವರ ಹುಟ್ಟೂರನ್ನು ನೋಡಬೇಕೆಂದು ನಾವು ಹೊಳೆಆಲೂರಿನಲ್ಲಿ ಗಾಡಿ ಹತ್ತಿ, ಗದಗ, ಹುಬ್ಬಳ್ಳಿಗಳನ್ನು ದಾಟಿ ಹಾವೇರಿಯಲ್ಲಿಳಿದು, ಮುಂದೆ ಮೋಟಾರಿನಲ್ಲಿ ಹೋದೆವು.

ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವಿದೆ. ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿಯ ತಳಹದಿಯು ಮೆಟ್ಟಿಲು ಮೆಟ್ಟಿಲಾಗಿ ಹರಡಿಕೊಂಡಿರುವುದನ್ನು ನೋಡಿಯೇ ತಿಳಿಯಬೇಕು. 1869ರಲ್ಲಿ ಇಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮದಾಗಿ ಮಾಡಿಕೊಂಡರು. ವೃತ್ತಿಯಿಂದ ಅವರು ಶಾಲಾಮಾಸ್ತರರು. ಆಗ ರೋಣವೂ ಹಾವೇರಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು; ಓದಬಲ್ಲ ಅನೇಕ ಕನ್ನಡಿಗರ ಕೈಯಲ್ಲಿ ಮರಾಠಿ ಪುಸ್ತಕಗಳೇ ಇದ್ದವು. ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಮನೆಮನೆಗಳಲ್ಲಿ ಮಾಸಪತ್ರಿಕೆಯ ದಾರಿ ಕಾಯುವ ರೂಢಿಯನ್ನು ಹಚ್ಚಿದರು. 1923ರ ‘ಮಾಧವ ಕರುಣಾ ವಿಲಾಸ’ವು ವಿಜಯನಗರದ ಸ್ಥಾಪನೆಯ ಕಥೆ. ಉಪದೇಶ ತುಸು ಹೆಚ್ಚೆಂಬುದು ನಿಜ. ಆದರೂ ಓದತೊಡಗಿದವರು ಪುಸ್ತಕವನ್ನು ಕೆಳಗಿಡಲಾರರು.

ಅಮೇರಿಕೆಯಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು 1926ರಲ್ಲಿ ಬರಿಯ ವಿಜ್ಞಾನಕಥೆಗಳಿಗಾಗಿಯೇ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಅಗ್ಗದ ಕಾಗದದ ಮೇಲೆ ಹೊರಡಿಸಿದರು. ಗಳಗನಾಥರ ಕಥೆಗಳು ಚಂದ್ರಲೋಕಕ್ಕೆ ಹೋಗಲಿಲ್ಲ, ಹಂಪೆಗೆ ಹೋದವು. ಆದರೆ ಪತ್ರಿಕೆಯಿಂದ ಓದುಗರನ್ನೇ ಹುಟ್ಟಿಸುವ ಕೆಲಸ ಇಬ್ಬರದೂ ಒಂದೇ; ಅಲ್ಲಿ ಅಂಗಡಿಗಳಿದ್ದವು, ಇಲ್ಲಿ ಬರೆದವನೇ ಹೊರಬೇಕಾಯಿತು. ಮುಂದೆ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವಿಜ್ಞಾನಕಥೆಗಳನ್ನು ಬರೆದಾಗ ಕಥೆಯೋದುವ ಮನೆಗಳು ಸಿದ್ಧವಾಗಿದ್ದವು.

ಗಳಗನಾಥರು 1942ರಲ್ಲಿ ತೀರಿಕೊಂಡರು. ಹಳೆಯ ಅಗ್ಗದ ಕಾಗದವು ಮಡಿಚಿದಲ್ಲಿಯೇ ಮುರಿಯುವುದು. ವಾಚಕರ ಮನೆಯ ಅಟ್ಟದಲ್ಲಿ ‘ಚಂದ್ರಿಕೆ’ಯ ಸಂಚಿಕೆಗಳೇನಾದರೂ ಉಳಿದಿದ್ದರೆ ರದ್ದಿಯವನಿಗೆ ತೂಗಿ ಕೊಡಬೇಡಿರಿ, ಸಮೀಪದ ಗ್ರಂಥಾಲಯಕ್ಕೆ ತಿಳಿಸಿರಿ.