ಕಲ್ಲಿದ್ದಲಿನ ಊರು, ಉಕ್ಕಿನ ಊರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೂರ್ವ ಭಾಗದಲ್ಲಿ ಎರಡು ನದಿಗಳಿವೆ. ಒಂದು ಸ್ಕೂಲ್‌ಕಿಲ್, ಇನ್ನೊಂದು ಲೀಹೈ. ಎರಡೂ ಬೆಟ್ಟಸೀಮೆಯಿಂದ ಇಳಿದು, ಬೇರೆ ಬೇರೆ ದಾರಿ ಹಿಡಿದು, ಕೊನೆಗೆ ಡೆಲಾವೇರ್ ನದಿಯನ್ನು ಸೇರುತ್ತವೆ. ಸ್ಕೂಲ್‌ಕಿಲ್‌ನ ಮೇಲ್ಭಾಗದಲ್ಲಿ ಪಾಟ್ಸ್‌ವಿಲ್ ಎಂಬ ಊರು. ಲೀಹೈ ದಂಡೆಯಲ್ಲಿ ಬೆತ್ಲೆಹೆಮ್. ನಡುವಿನ ಅಂತರ ನೂರು ಕಿ.ಮೀ.ಗೂ ಕಡಿಮೆ. ಒಂದು ಊರಿನ ಜನ ನೆಲದ ಹೊಟ್ಟೆಯಿಂದ ಕಲ್ಲಿದ್ದಲು ತೆಗೆದು ಬದುಕಿದರು, ಇನ್ನೊಂದು ಊರಿನವರು ಕುಲುಮೆಯ ಮುಂದೆ ಬೆವರು ಸುರಿಸಿ ಉಕ್ಕು ತಯಾರಿಸಿದರು.

ಎರಡೂ ಊರುಗಳಿಗೆ ಆಟದ ಹುಚ್ಚು ಇತ್ತು. ಆಟದ ಹೆಸರೂ ಒಂದೇ, ಫುಟ್‌ಬಾಲ್. ಆದರೆ ಆಟ ಮಾತ್ರ ಬೇರೆ! ನಾವು ಫುಟ್‌ಬಾಲ್ ಎಂದು ಕರೆಯುವುದನ್ನು ಅಮೆರಿಕದವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಭೇದಿಸಿ, ಆ ತುದಿಯ ಗೆರೆ ದಾಟಿಸಿದರೆ ಆರು ಅಂಕ. ಕಂಬಗಳ ನಡುವೆ ಒದ್ದು ಹಾಯಿಸಿದರೆ ಮೂರು. ಪಾಟ್ಸ್‌ವಿಲ್‌ನವರು ಆಡಿದ್ದು ಈ ಆಟವನ್ನು. ಬೆತ್ಲೆಹೆಮ್‌ನವರು ಮೆರೆದದ್ದು ಸಾಕರ್‌ನಲ್ಲಿ.

1925ರಲ್ಲಿ, ಏಳೆಂಟು ತಿಂಗಳ ಅಂತರದಲ್ಲಿ, ಈ ಎರಡೂ ಊರುಗಳು ಒಂದೊಂದು ದೊಡ್ಡ ಸಾಧನೆ ಮಾಡಿದವು. ಒಂದರ ಸಾಧನೆಯನ್ನು ದಾಖಲೆ ಪುಸ್ತಕ ಒಪ್ಪಲಿಲ್ಲ, ಆದರೆ ಊರು ಇಂದಿಗೂ ಮರೆತಿಲ್ಲ. ಇನ್ನೊಂದರದು ದಾಖಲೆ ಪುಸ್ತಕದಲ್ಲಿ ಭದ್ರವಾಗಿದೆ, ಆದರೆ ಜನರಿಗೆ ಮರೆತುಹೋಗಿದೆ.

ಮುಷ್ಕರದ ವರ್ಷ

ಪಾಟ್ಸ್‌ವಿಲ್ ಸುತ್ತಮುತ್ತ ಸಿಗುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಹೊಗೆ ಕಡಿಮೆ, ಕಾವು ಹೆಚ್ಚು. ಪೂರ್ವ ಅಮೆರಿಕದ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುತ್ತಿದ್ದದ್ದು ಇದೇ. 1920ರ ದಶಕದಲ್ಲಿ ಊರಿನ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಇಂಥ ಊರಿನ ತಂಡ 1925ರಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಸೇರಿತು. 1920ರಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ ಹುಟ್ಟಿದ ಈ ಲೀಗ್ ಆಗಿನ್ನೂ ಐದು ವರ್ಷದ ಕೂಸು. ಇಪ್ಪತ್ತು ತಂಡಗಳಿದ್ದರೂ ಎಲ್ಲರಿಗೂ ಸಮಾನವಾದ ವೇಳಾಪಟ್ಟಿ ಇರಲಿಲ್ಲ. ಫೈನಲ್ ಎಂಬುದೂ ಇರಲಿಲ್ಲ. ಆಡಿದ ಪಂದ್ಯಗಳಲ್ಲಿ ಶೇಕಡಾ ಎಷ್ಟು ಗೆದ್ದರು ಎಂಬ ಲೆಕ್ಕದ ಮೇಲೆ ಚಾಂಪಿಯನ್ ತೀರ್ಮಾನವಾಗುತ್ತಿತ್ತು.

ಪಾಟ್ಸ್‌ವಿಲ್ ತಂಡದ ಹೆಸರು ಮರೂನ್ಸ್. ಸಮವಸ್ತ್ರಕ್ಕೆ ಯಾವ ಬಣ್ಣವಾದರೂ ಸರಿ ಎಂದು ಹೇಳಿ ಕಳಿಸಿದಾಗ ಕಡುಗೆಂಪು ಅಂಗಿಗಳು ಬಂದವಂತೆ, ಅದೇ ಹೆಸರಾಯಿತಂತೆ. ತಂಡದ ಒಡೆಯ ಊರಿನ ವೈದ್ಯ ಡಾ. ಜಾನ್ ಸ್ಟ್ರೀಗೆಲ್. ತರಬೇತುದಾರ ಡಿಕ್ ರೌಚ್.

ಇಷ್ಟು ಸಣ್ಣ ಊರಿಗೆ ದೂರದ ಶಹರಗಳ ತಂಡಗಳು ಬರುತ್ತಿದ್ದುದಾದರೂ ಹೇಗೆ? ಇದಕ್ಕೆ ಕಾರಣ ಒಂದು ಹಳೆಯ ಕಾನೂನು. ಪೆನ್ಸಿಲ್ವೇನಿಯಾದಲ್ಲಿ ಆಗ ಭಾನುವಾರ ಆಟ ಆಡುವಂತಿರಲಿಲ್ಲ. ಫಿಲಡೆಲ್ಫಿಯಾ ನಗರದ ಫ್ರಾಂಕ್‌ಫರ್ಡ್ ಬಡಾವಣೆಯ ತಂಡ ಅದಕ್ಕಾಗಿ ಶನಿವಾರ ಆಡುತ್ತಿತ್ತು. ಗಣಿಸೀಮೆಯಲ್ಲಿ ಕಾನೂನನ್ನು ಯಾರೂ ಅಷ್ಟು ಬಿಗಿಯಾಗಿ ಕೇಳುತ್ತಿರಲಿಲ್ಲ. ಹೊರಗಿನ ತಂಡಗಳು ಶನಿವಾರ ಫ್ರಾಂಕ್‌ಫರ್ಡ್‌ನಲ್ಲಿ ಆಡಿ, ರೈಲು ಹತ್ತಿ, ಭಾನುವಾರ ಪಾಟ್ಸ್‌ವಿಲ್‌ನಲ್ಲಿ ಆಡಿ ಹೋಗುತ್ತಿದ್ದವು. ಒಂದೇ ಪ್ರಯಾಣದ ಖರ್ಚಿನಲ್ಲಿ ಎರಡು ಪಂದ್ಯ. ದಣಿದು ಬಂದ ಅತಿಥಿಗಳನ್ನು ಎದುರಿಸುವುದು ಮರೂನ್ಸ್‌ಗೆ ಅನುಕೂಲವೇ ಆಗಿತ್ತು ಎನ್ನಬೇಕು.

ಆದರೆ ಆ ವರ್ಷ ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಸೆಪ್ಟೆಂಬರ್ 1ರಂದು ಆಂಥ್ರಸೈಟ್ ಗಣಿಗಳಲ್ಲಿ ಮುಷ್ಕರ ಶುರುವಾಯಿತು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದು ಮುಗಿದದ್ದು 1926ರ ಫೆಬ್ರುವರಿಯಲ್ಲಿ. ಅಂದರೆ ಮರೂನ್ಸ್ ಆಡಿದ ಇಡೀ ಋತುವಿನಲ್ಲಿ ಗಣಿಯ ಮನೆಗಳಿಗೆ ಸಂಬಳ ಬರುತ್ತಿರಲಿಲ್ಲ. ಅಂಥ ದಿನಗಳಲ್ಲಿ ಭಾನುವಾರದ ಗೆಲುವು ಬರೀ ಆಟದ ಗೆಲುವಾಗಿ ಉಳಿಯುವುದಿಲ್ಲ.

ಒಂಬತ್ತಕ್ಕೆ ಏಳು

ಡಿಸೆಂಬರ್ 6ರಂದು ಷಿಕಾಗೋದಲ್ಲಿ, ಹಿಮದ ನಡುವೆ, ಮರೂನ್ಸ್ ಅಲ್ಲಿಯ ಕಾರ್ಡಿನಲ್ಸ್ ತಂಡವನ್ನು 21-7ರಿಂದ ಸೋಲಿಸಿತು. ಪಟ್ಟಿಯ ಮೇಲ್ತುದಿಯಲ್ಲಿದ್ದ ಎರಡು ತಂಡಗಳ ಹೋರಾಟ ಅದು. ಈಗ ಮರೂನ್ಸ್ ಲೆಕ್ಕ ಹತ್ತು ಗೆಲುವು, ಎರಡು ಸೋಲು. ಕಿರೀಟ ಕೈಗೆ ಬಂತೆಂದೇ ಊರು ಹಿಗ್ಗಿತು.

ಆರು ದಿನ ಕಳೆದು, ಡಿಸೆಂಬರ್ 12ರಂದು, ತಂಡ ಫಿಲಡೆಲ್ಫಿಯಾಕ್ಕೆ ಇಳಿಯಿತು. ಷೈಬ್ ಪಾರ್ಕ್ ಮೈದಾನದಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಮಾಜಿ ಆಟಗಾರರ ತಂಡದೊಡನೆ ಪಂದ್ಯ. ಆಗ ಕಾಲೇಜು ಫುಟ್‌ಬಾಲ್‌ಗೆ ಇದ್ದ ಮರ್ಯಾದೆ ಹಣಕ್ಕಾಗಿ ಆಡುವವರಿಗೆ ಇರಲಿಲ್ಲ. ‘ನಾಲ್ವರು ಅಶ್ವಾರೋಹಿಗಳು’ ಎಂದು ದೇಶವೆಲ್ಲ ಕೊಂಡಾಡಿದ್ದ ಆಟಗಾರರು ಎದುರಾಳಿ ತಂಡದಲ್ಲಿದ್ದರು. ಗಣಿ ಊರಿನವರು ಇವರ ಮುಂದೆ ನಿಲ್ಲುತ್ತಾರೆಯೇ ಎಂಬುದೇ ಎಲ್ಲರ ಪ್ರಶ್ನೆ. ಆಟ ಮುಗಿಯುವ ಹೊತ್ತಿಗೆ ಮರೂನ್ಸ್ 6-7ರಿಂದ ಹಿಂದಿತ್ತು. ಚಾರ್ಲಿ ಬೆರ್ರಿ ಒದ್ದ ಚೆಂಡು ಕಂಬಗಳ ನಡುವೆ ಹಾಯಿತು. 9-7! ವೃತ್ತಿಪರ ಆಟಗಾರರೂ ಯಾರಿಗೂ ಕಡಿಮೆಯಿಲ್ಲ ಎಂದು ಆ ಒಂದು ಒದೆತ ಸಾರಿತು.

ಎಡವಟ್ಟಾದದ್ದೂ ಅಲ್ಲಿಯೇ. ಲೀಗ್ ನಿಯಮದಂತೆ ಫಿಲಡೆಲ್ಫಿಯಾ ಫ್ರಾಂಕ್‌ಫರ್ಡ್ ತಂಡದ ಸೀಮೆ. ಅದೇ ದಿನ ಅವರ ಪಂದ್ಯವೂ ಇತ್ತು. ಫ್ರಾಂಕ್‌ಫರ್ಡ್ ದೂರು ಕೊಟ್ಟಿತು. ಆಡಕೂಡದೆಂದು ಮೊದಲೇ ಎಚ್ಚರಿಸಿದ್ದೆ ಎಂದರು ಲೀಗ್ ಅಧ್ಯಕ್ಷ ಜೋ ಕಾರ್. ದೂರವಾಣಿಯಲ್ಲಿ ಒಪ್ಪಿಗೆ ಸಿಕ್ಕಿತ್ತು ಎಂದಿತು ಪಾಟ್ಸ್‌ವಿಲ್. ಬರಹದಲ್ಲಿ ಏನೂ ಇರಲಿಲ್ಲ. ತಂಡ ಅಮಾನತಾಯಿತು.

ಇತ್ತ ಕಾರ್ಡಿನಲ್ಸ್ ತರಾತುರಿಯಲ್ಲಿ ಮತ್ತೆರಡು ಪಂದ್ಯ ಆಡಿ ಎರಡನ್ನೂ ಗೆದ್ದುಕೊಂಡಿತು. ಅದರ ಲೆಕ್ಕ ಈಗ ಹನ್ನೊಂದು ಗೆಲುವು, ಎರಡು ಸೋಲು, ಒಂದು ಡ್ರಾ. ಆದರೆ ಆ ಗೆಲುವುಗಳಲ್ಲಿ ಒಂದು ಹೇಗೆ ಬಂತು ಗೊತ್ತೆ? ಎದುರಾಳಿ ಮಿಲ್ವಾಕಿ ತಂಡಕ್ಕೆ ಆಟಗಾರರು ಸಾಲದೆ ಹೋದಾಗ ನಾಲ್ವರು ಹೈಸ್ಕೂಲ್ ಹುಡುಗರನ್ನು ಕಣಕ್ಕಿಳಿಸಲಾಗಿತ್ತು. ಫಲಿತಾಂಶ 59-0. ವಿಷಯ ಬಯಲಾದಾಗ ಲೀಗ್ ದಂಡ ಹಾಕಿತು, ಶಿಕ್ಷೆ ವಿಧಿಸಿತು. ಆದರೆ ಆ ಪಂದ್ಯ ಲೆಕ್ಕದಲ್ಲಿ ಉಳಿಯಿತು.

ಕಾರ್ಡಿನಲ್ಸ್ ಒಡೆಯ ಕ್ರಿಸ್ ಒಬ್ರಯನ್ ಚಾಂಪಿಯನ್ ಪಟ್ಟವನ್ನು ಒಪ್ಪಿಕೊಳ್ಳಲು ನಿರಾಕರಿಸಿದರು. ಮುಂದೆ ತಂಡದ ಒಡೆತನ ಬದಲಾದ ಮೇಲೆ ಅದು ಅವರ ಹೆಸರಿಗೇ ಸೇರಿಕೊಂಡಿತು. ಈಗ ಅರಿಜೋನಾದಲ್ಲಿರುವ ಆ ತಂಡ 1925ರ ಪಟ್ಟವನ್ನು ತನ್ನದೆಂದೇ ಎಣಿಸುತ್ತದೆ.

ಕಿಯರ್ನಿಯ ಹುಡುಗ

ಈಗ ಇನ್ನೊಂದು ನದಿಯ ದಂಡೆಗೆ ಬರೋಣ. ಮೊರೇವಿಯನ್ ಪಂಥದ ಕ್ರೈಸ್ತರು 1741ರ ಕ್ರಿಸ್ಮಸ್ ಹಿಂದಿನ ರಾತ್ರಿ ಹೆಸರಿಟ್ಟ ಊರು ಬೆತ್ಲೆಹೆಮ್. ಭಕ್ತರ ಈ ಊರು ಮುಂದೆ ಉಕ್ಕಿನ ಊರಾಯಿತು. ಬೆತ್ಲೆಹೆಮ್ ಸ್ಟೀಲ್ ಕಂಪನಿಯ ಉಕ್ಕು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೂ ಹೋಯಿತು. ಕಂಪನಿಯ ಹಿರಿಯ ಅಧಿಕಾರಿ ಎಡ್ಗರ್ ಲೂಯಿಸ್ ವೇಲ್ಸ್ ಮೂಲದವರು, ಸಾಕರ್ ಪ್ರೇಮಿ. ಕಾರ್ಖಾನೆಯ ತಂಡ ಅವರ ಪೋಷಣೆಯಲ್ಲಿ ಬೆಳೆದು, 1915ರಿಂದ 1919ರೊಳಗೆ ನಾಲ್ಕು ಬಾರಿ ರಾಷ್ಟ್ರೀಯ ಕಪ್ ಗೆದ್ದಿತು. 1919ರಲ್ಲಿ ಹಡಗು ಹತ್ತಿ ಸ್ವೀಡನ್, ಡೆನ್ಮಾರ್ಕ್‌ಗಳಲ್ಲೂ ಆಡಿ ಬಂತು.

1924ರಲ್ಲಿ ಈ ತಂಡಕ್ಕೆ ಬಂದವರು ಆರ್ಚಿ ಸ್ಟಾರ್ಕ್. ಹುಟ್ಟಿದ್ದು 1897ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಹುಡುಗನಾಗಿದ್ದಾಗಲೇ ಮನೆಯವರೊಂದಿಗೆ ಅಮೆರಿಕಕ್ಕೆ ಬಂದು ನ್ಯೂಜೆರ್ಸಿಯ ಕಿಯರ್ನಿಯಲ್ಲಿ ನೆಲೆಸಿದರು. ಕಿಯರ್ನಿಯೆಂದರೆ ಆಗ ಸ್ಕಾಟ್ಲೆಂಡಿನದೇ ಒಂದು ತುಂಡು. ನೂಲಿನ ಗಿರಣಿಗಳಿಗೆ ಬಂದ ಸ್ಕಾಟಿಷ್ ಕೆಲಸಗಾರರು ತಮ್ಮ ಆಟವನ್ನೂ ತಂದಿದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿ ಫ್ರಾನ್ಸಿಗೆ ಹೋಗಿ ಬಂದ ಸ್ಟಾರ್ಕ್, ನ್ಯೂಯಾರ್ಕ್‌ನಲ್ಲಿ ಕೆಲವು ವರ್ಷ ಆಡಿ ಬೆತ್ಲೆಹೆಮ್ ಸೇರಿದರು.

ಅಮೆರಿಕನ್ ಸಾಕರ್ ಲೀಗ್‌ನ 1924-25ರ ಋತುವಿನಲ್ಲಿ ಈ ಸ್ಟ್ರೈಕರ್ ಹೊಡೆದ ಗೋಲುಗಳು 67! ಇತರ ಪಂದ್ಯಗಳದ್ದೂ ಸೇರಿದರೆ 70. ಇದರ ಬೆಲೆ ತಿಳಿಯಬೇಕಾದರೆ ಆಫ್‌ಸೈಡ್ ನಿಯಮ ನೆನೆಯಬೇಕು. ಅಂದಿನ ನಿಯಮದಂತೆ ಚೆಂಡು ಬರುವಾಗ ಮುಂದಾಳುವಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು. 1925ರ ಬೇಸಿಗೆಯಲ್ಲಿ ಅದನ್ನು ಇಬ್ಬರಿಗೆ ಇಳಿಸಲಾಯಿತು. ಎಲ್ಲೆಡೆ ಗೋಲುಗಳ ಮಳೆ ಸುರಿಯಿತು. ಇಂಗ್ಲೆಂಡಿನ ಡಿಕ್ಸಿ ಡೀನ್ 60 ಗೋಲು ಹೊಡೆದದ್ದು 1927-28ರಲ್ಲಿ, ಸಡಿಲವಾದ ನಿಯಮದಡಿ. ಸ್ಟಾರ್ಕ್ ಅವರ 67 ಅದಕ್ಕೂ ಮುಂಚಿನದು.

ಆದರೂ ಆ ವರ್ಷ ಬೆತ್ಲೆಹೆಮ್ ಚಾಂಪಿಯನ್ ಆಗಲಿಲ್ಲ. ಫಾಲ್ ರಿವರ್ ತಂಡ ಮೊದಲಾಯಿತು, ಇವರು ಎರಡನೆಯವರು. ಆ ನವೆಂಬರ್‌ನಲ್ಲಿ, ಅತ್ತ ಮರೂನ್ಸ್ ಗೆಲುವಿನ ಓಟದಲ್ಲಿದ್ದಾಗ, ಇತ್ತ ಬ್ರೂಕ್ಲಿನ್‌ನಲ್ಲಿ ಅಮೆರಿಕ ತಂಡ ಕೆನಡಾವನ್ನು 6-1ರಿಂದ ಸೋಲಿಸಿತು. ಹೆಚ್ಚಿನ ಗೋಲುಗಳು ಸ್ಟಾರ್ಕ್ ಅವರವೇ. 1926ರಲ್ಲಿ ಬೆತ್ಲೆಹೆಮ್ ಮತ್ತೆ ರಾಷ್ಟ್ರೀಯ ಕಪ್ ಎತ್ತಿತು, 1927ರಲ್ಲಿ ಲೀಗ್ ಪಟ್ಟವೂ ಬಂತು.

ಗ್ಯಾರೇಜೋ, ವಿಶ್ವಕಪ್ಪೋ

1928ರಲ್ಲಿ ಲೀಗ್‌ಗೂ ರಾಷ್ಟ್ರೀಯ ಸಂಸ್ಥೆಗೂ ಜಗಳ ಹತ್ತಿತು. ರಾಷ್ಟ್ರೀಯ ಕಪ್‌ನಲ್ಲಿ ಯಾರೂ ಆಡಬಾರದೆಂದು ಲೀಗ್ ಅಪ್ಪಣೆ ಮಾಡಿತು. ಬೆತ್ಲೆಹೆಮ್ ಆಡಿತು. ಮೂರು ವರ್ಷದ ಹಿಂದೆ ಪಾಟ್ಸ್‌ವಿಲ್‌ಗೆ ಆದದ್ದೇ ಇಲ್ಲಿಯೂ ಆಯಿತು, ಅಮಾನತು! ಜಗಳದಲ್ಲಿ ಎರಡೂ ಕಡೆಯವರ ಹಣ ಕರಗಿತು. ಹಿಂದೆಯೇ 1929ರ ಆರ್ಥಿಕ ಕುಸಿತ ಬಂದೆರಗಿತು. 1930ರಲ್ಲಿ ಬೆತ್ಲೆಹೆಮ್ ತಂಡ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಲೀಗ್ ಕೂಡ ಕಣ್ಮುಚ್ಚಿತು.

ಅದೇ 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್. ಸ್ಟಾರ್ಕ್ ಅವರಿಗೆ ಕರೆ ಬಂತು. ಆದರೆ ಅವರು ಆಗಷ್ಟೇ ಮೋಟಾರು ಕಾರುಗಳ ಸ್ವಂತ ವ್ಯವಹಾರ ಆರಂಭಿಸಿದ್ದರು. ವಯಸ್ಸು ಮೂವತ್ತೆರಡು, ದೇಶದಲ್ಲಿ ಕೆಲಸಗಳು ಇಲ್ಲವಾಗುತ್ತಿದ್ದ ಕಾಲ. ಹಡಗಿನಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಬರಲು ವಾರಗಟ್ಟಲೆ ಬೇಕು. ಅವರು ಹೋಗಲಿಲ್ಲ. ಅಮೆರಿಕ ತಂಡ ಅಲ್ಲಿ ಸೆಮಿಫೈನಲ್ ತನಕ ಮುಟ್ಟಿತು. ವಿಶ್ವಕಪ್‌ನ ಮೊದಲ ಹ್ಯಾಟ್ರಿಕ್ ಫಾಲ್ ರಿವರ್‌ನ ಬರ್ಟ್ ಪೆಟನಾಡ್ ಅವರದಾಯಿತು. ಹೋಗಿದ್ದರೆ ಇಂದು ಸ್ಟಾರ್ಕ್ ಹೆಸರು ಮಕ್ಕಳ ಬಾಯಲ್ಲೂ ಇರುತ್ತಿತ್ತೇನೋ. ಆದರೆ ಹೊಟ್ಟೆಪಾಡಿನ ಲೆಕ್ಕ ಹಾಕಿದ ಮನುಷ್ಯನನ್ನು ತಪ್ಪು ಎನ್ನುವವರಾರು? 1985ರಲ್ಲಿ ಅವರು ತೀರಿಕೊಂಡದ್ದು ಅದೇ ಕಿಯರ್ನಿಯಲ್ಲಿ.

ಅವರ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಂಡದ್ದು 2012ರಲ್ಲಿ. ಬಾರ್ಸಿಲೋನಾದ ಲಿಯೊನೆಲ್ ಮೆಸ್ಸಿ ಒಂದೇ ಋತುವಿನಲ್ಲಿ 73 ಗೋಲು ಹೊಡೆದಾಗ, ಹಿಂದಿನ 70 ಯಾರದು ಎಂದು ಹುಡುಕಿದವರಿಗೆ ಸ್ಟಾರ್ಕ್ ಸಿಕ್ಕರು!

ಕಲ್ಲಿದ್ದಲಿನ ಚೆಂಡು

ಪಾಟ್ಸ್‌ವಿಲ್ ಮಾತ್ರ ಬಿಡಲಿಲ್ಲ. ತಂಡವನ್ನು 1926ರಲ್ಲಿ ಲೀಗ್‌ಗೆ ಮತ್ತೆ ಸೇರಿಸಿಕೊಂಡರೂ, 1928ರ ನಂತರ ಅದು ಬಾಸ್ಟನ್‌ಗೆ ಹೋಯಿತು. ಊರಿನವರು 1925ರ ಪಟ್ಟವನ್ನು ಕೇಳುತ್ತಲೇ ಬಂದರು. 1963ರಲ್ಲಿ ಲೀಗ್ ವಿಚಾರಣೆ ನಡೆಸಿ ಇಲ್ಲವೆಂದಿತು. 2003ರಲ್ಲಿ ತಂಡಗಳ ಒಡೆಯರು ಮತ ಹಾಕಿದರು. ವಿಷಯವನ್ನು ಮತ್ತೆ ತೆರೆಯುವುದು ಬೇಡ ಎಂದವರು 30, ಬೇಕು ಎಂದವರು 2. ಆ ಎರಡೂ ಮತ ಪೆನ್ಸಿಲ್ವೇನಿಯಾದ ತಂಡಗಳವು.

ಕೊಡದ ಟ್ರೋಫಿಯನ್ನು ಮರೂನ್ಸ್‌ನ ಉಳಿದ ಆಟಗಾರರು ತಾವೇ ಮಾಡಿಸಿಕೊಂಡಿದ್ದರು. ತಮ್ಮ ನೆಲದ ಆಂಥ್ರಸೈಟ್‌ನಲ್ಲಿ ಕೆತ್ತಿದ ಒಂದು ಫುಟ್‌ಬಾಲ್ ಅದು. ಕ್ಯಾಂಟನ್‌ನ ಫುಟ್‌ಬಾಲ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ ಅದನ್ನು ಇರಿಸಿಕೊಂಡಿದೆ. ಪಟ್ಟವನ್ನು ಒಪ್ಪದ ಆಟದ ಮನೆಯಲ್ಲೇ ಪಟ್ಟದ ಗುರುತು!

ಇತ್ತ ಬೆತ್ಲೆಹೆಮ್‌ನಲ್ಲಿ 1995ರಲ್ಲಿ ಉಕ್ಕು ಕರಗಿಸುವುದು ನಿಂತಿತು. 2003ರಲ್ಲಿ ಕಂಪನಿಯೇ ಇಲ್ಲವಾಯಿತು. ಲೀಹೈ ದಂಡೆಯಲ್ಲಿ ಆರಿದ ಊದುಕುಲುಮೆಗಳು ಸಾಲಾಗಿ ನಿಂತಿವೆ. ಅವುಗಳ ಬುಡದಲ್ಲಿ ಈಗ ಸಂಗೀತ ಕಛೇರಿಗಳು ನಡೆಯುತ್ತವೆ. ಕಂಪನಿ 1913ರಲ್ಲಿ ಕಟ್ಟಿಸಿದ ಮೈದಾನ ಮಾತ್ರ ಉಳಿದಿದೆ. ಸ್ಟೀಲ್ ಫೀಲ್ಡ್ ಎಂದೇ ಹೆಸರು. ಅದೀಗ ಮೊರೇವಿಯನ್ ವಿಶ್ವವಿದ್ಯಾಲಯದ್ದು, ವಿದ್ಯಾರ್ಥಿಗಳು ಅಲ್ಲಿ ಆಡುತ್ತಾರೆ.

ಪಟ್ಟಿಯಲ್ಲಿ ಹೆಸರು ಬಂದರೆ ಸಾಧನೆ, ಬಾರದಿದ್ದರೆ ಶೂನ್ಯ ಎಂದು ಮಕ್ಕಳೂ ಹೆತ್ತವರೂ ತಲೆ ಕೆಡಿಸಿಕೊಳ್ಳುವ ಕಾಲ ಇದು. ಪಾಟ್ಸ್‌ವಿಲ್‌ನ ಹೆಸರು ಪಟ್ಟಿಯಲ್ಲಿಲ್ಲ. ಆದರೆ ಷಿಕಾಗೋದ ಹಿಮದಲ್ಲಿ ಗೆದ್ದ 21-7ನ್ನು ಯಾವ ಮತವೂ ಅಳಿಸಿಲ್ಲ. ಸ್ಟಾರ್ಕ್ ಹೆಸರು ಪಟ್ಟಿಯಲ್ಲಿದೆ. ಅದನ್ನು ಓದಲು ಮೆಸ್ಸಿ ಬರುವ ತನಕ ಎಂಬತ್ತೇಳು ವರ್ಷ ಕಾಯಬೇಕಾಯಿತು.