ಮೊದಲು ಮುರಿಯಬೇಕಾದ ಪಿನ್ನು

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳ ಹೆಸರನ್ನು ನಮ್ಮ ಕಾಲೇಜಿನಲ್ಲಿ ಕೇಳದವರಿಲ್ಲ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್, ಅಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ನದಿಗಳ ನಾಡಿನಿಂದ ಬಂದವರು ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ ಭತ್ತ ಬೆಳೆದರು, ಹೊಂಡಗಳಲ್ಲಿ ಮೀನು ಸಾಕಿದರು. ನಮ್ಮ ಅಬ್ಬಾ ಪಂಪ್‌ಸೆಟ್ ರಿಪೇರಿ ಮಾಡುವ ಮಿಸ್ತ್ರಿ. ಹಾಗಾಗಿ ಕ್ಯಾಂಪಿನ ಅರ್ಧ ಜನ ನಮಗೆ ಪರಿಚಯ.

ಅವರಲ್ಲೊಬ್ಬರನ್ನು ನಾನು ಕಾಕಾ ಎಂದೇ ಕರೆಯುವುದು. ಬಂಗಾಳಿಯಲ್ಲೂ ಕಾಕಾ, ನಮ್ಮ ಕಡೆಯ ಕನ್ನಡದಲ್ಲೂ ಕಾಕಾ. ಅವರು ಒಂದು ಕೆರೆಯನ್ನು ಗುತ್ತಿಗೆ ಹಿಡಿದು ರೋಹು, ಕಟ್ಲಾ ಮರಿ ಬಿಟ್ಟಿದ್ದರು. ಬಲೆ ಎಳೆಯಲು ಅವರ ಬಳಿ ಒಂದು ತಗಡಿನ ದೋಣಿ, ಅದರ ಹಿಂದೆ ಕಚ್ಚಿಸಿದ ಹಳೆಯ ಔಟ್‌ಬೋರ್ಡ್ ಮೋಟಾರು. ಕರಾವಳಿಯಲ್ಲಿ ಯಾರೋ ಬಳಸಿ ಮಾರಿದ್ದು ಅದು, ನನಗಿಂತ ವಯಸ್ಸಾದದ್ದು.

ಕಳೆದ ಬೇಸಿಗೆಯಲ್ಲಿ ಆ ಮೋಟಾರು ಕೈಕೊಟ್ಟಿತು. ಕಾಲುವೆಗೆ ನೀರು ನಿಂತಿತ್ತು, ಕೆರೆ ದಿನದಿನಕ್ಕೆ ಇಳಿಯುತ್ತಿತ್ತು. ನೀರು ಕಡಿಮೆಯಾಗಿ ಬಿಸಿಯಾದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಸಾಯುತ್ತವೆ. ಹತ್ತು ಹದಿನೈದು ದಿನದಲ್ಲಿ ಮೀನು ಹಿಡಿದು ಮುಗಿಸದಿದ್ದರೆ ವರ್ಷದ ದುಡಿಮೆ, ಮರಿಗೆ ಮಾಡಿದ ಸಾಲ ಎರಡೂ ಕಾಕಾನ ತಲೆ ಮೇಲೆ.

“ಮಿಸ್ತ್ರಿ ಭಾಯ್, ಇಂಜಿನ್ ಓಡತದ, ದೋಣಿ ಓಡವಲ್ದು,” ಎಂದರು ಕಾಕಾ.

ಅಬ್ಬಾ ದೋಣಿಯ ಮೋಟಾರು ಬಿಚ್ಚಿದವರಲ್ಲ. ಆದರೆ ಟ್ರ್ಯಾಕ್ಟರಿನ ಕ್ರೌನ್-ಪಿನಿಯನ್ ಬಿಚ್ಚಿದವರು. ಒಳಗೆ ಇರುವುದೂ ಅದೇ ತತ್ವ. ಇಂಜಿನ್ ಮೇಲಿರುತ್ತದೆ. ಅದರಿಂದ ಒಂದು ಶಾಫ್ಟು ನೇರ ಕೆಳಕ್ಕಿಳಿಯುತ್ತದೆ. ನೀರಿನೊಳಗಿನ ಗೇರ್ ಪೆಟ್ಟಿಗೆಯಲ್ಲಿ ಸಣ್ಣ ಪಿನಿಯನ್ ಒಂದು ದೊಡ್ಡ ಗೇರನ್ನು ತಿರುಗಿಸಿ, ತಿರುಗುವ ದಿಕ್ಕನ್ನು ಅಡ್ಡಕ್ಕೆ ಬದಲಿಸುತ್ತದೆ. ಅಲ್ಲಿಂದ ಶಕ್ತಿ ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ ಹೋಗುತ್ತದೆ.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ತೆಗೆದು, ಮುಂದಿನ ಗೇರಿಗೆ ಹಾಕಿ, ಫ್ಯಾನನ್ನು ಕೈಯಲ್ಲಿ ತಿರುಗಿಸಿದೆವು. ಎಲ್ಲ ಸರಿ ಇದ್ದರೆ ಕೈಗೆ ಬಿಗಿ ತಾಗಿ, ಮೇಲಿನ ಫ್ಲೈವೀಲೂ ಜೊತೆಗೆ ತಿರುಗಬೇಕು. ಇಲ್ಲಿ ಫ್ಯಾನು ಕಟಕಟ ಎನ್ನುತ್ತ ಸುಮ್ಮನೆ ತಿರುಗಿತು. ಫ್ಯಾನು ಬಿಚ್ಚಿದಾಗ ಶಾಫ್ಟಿಗೆ ಅಡ್ಡ ಹಾಕುವ ಪಿನ್ನು ಗಟ್ಟಿಯಾಗಿಯೇ ಇತ್ತು. ಅಬ್ಬಾ ಅದನ್ನು ಅರದಿಂದ ಒಮ್ಮೆ ತಿಕ್ಕಿ, “ಇದು ಹಿತ್ತಾಳಿ ಅಲ್ಲಪಾ, ಉಕ್ಕು,” ಎಂದರು.

ಗೆಳೆಯರೇ, ಇಡೀ ಕಥೆ ಇರುವುದು ಈ ಪಿನ್ನಿನಲ್ಲಿ. ಇದನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡುತ್ತಾರೆ. ಫ್ಯಾನು ಕಲ್ಲಿಗೋ ಬೊಡ್ಡೆಗೋ ಬಡಿದರೆ ಪಿನ್ನು ತುಂಡಾಗಬೇಕು, ಗೇರು ಉಳಿಯಬೇಕು. ಮನೆಯ ಫ್ಯೂಸಿನ ಕೆಲಸವೂ ಇದೇ. ಹಳೆಯ ಮಾಲೀಕರಲ್ಲಿ ಯಾರೋ ಪದೇ ಪದೇ ಪಿನ್ನು ಮುರಿಯುತ್ತದೆಂದು ಉಕ್ಕಿನ ತುಂಡು ಹಾಕಿದ್ದರು. ಫ್ಯೂಸು ಹೋಗುತ್ತದೆಂದು ದಪ್ಪ ತಂತಿ ಸುತ್ತಿ, ಕೊನೆಗೆ ಮೋಟಾರನ್ನೇ ಸುಟ್ಟುಕೊಳ್ಳುವವರನ್ನು ನಾವು ಹೊಲಗಳಲ್ಲಿ ನೋಡಿಲ್ಲವೇ? ನೀರು ಇಳಿದ ಕೆರೆಯಲ್ಲಿ ಮುಳುಗಿದ್ದ ಜಾಲಿ ಬೊಡ್ಡೆಗೆ ಫ್ಯಾನು ಬಡಿದಿದೆ. ಪಿನ್ನು ಜಗ್ಗಲಿಲ್ಲ, ಪೆಟ್ಟು ಒಳಕ್ಕೆ ಹೋಯಿತು.

ಗೇರ್ ಪೆಟ್ಟಿಗೆಯ ಎಣ್ಣೆ ಬಸಿದಾಗ ಅದು ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. ನೀರು ಸೇರಿ ಎಣ್ಣೆ ಎಮಲ್ಷನ್ ಆಗಿದೆ ಎಂಬುದು ಕೆಮಿಸ್ಟ್ರಿ ಓದಿದವರಿಗೆ ಗೊತ್ತಾಗುತ್ತದೆ. ಫ್ಯಾನಿನ ಹಿಂದೆ ಬಲೆಯ ನೈಲಾನ್ ದಾರ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ದಿತ್ತು. ಪೆಟ್ಟಿಗೆಯ ತಳದಲ್ಲಿ ಗೇರಿನ ಹಲ್ಲಿನ ಚೂರುಗಳಿದ್ದವು. ಕಾಕಾ ಅವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ಹೊಸ ಮೋಟಾರಿಗೆ ಲಕ್ಷದ ಮಾತು. ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಸೋಣವೆಂದು ಒಬ್ಬರು ಹೇಳಿದರು. ಅಬ್ಬಾ ಒಪ್ಪಲಿಲ್ಲ. ಗೇರಿನ ಹಲ್ಲಿಗೆ ಹದ ಕೊಟ್ಟಿರುತ್ತಾರೆ, ವೆಲ್ಡಿಂಗಿನ ಕಾವಿಗೆ ಆ ಹದ ಹೋಗುತ್ತದೆ, ನಾಲ್ಕು ದಿನವೂ ಬಾಳುವುದಿಲ್ಲ. ಮಲ್ಪೆಯಿಂದ ಹಳೆಯ ಆದರೆ ಗಟ್ಟಿಯಾದ ಗೇರ್ ಜೋಡಿಯನ್ನು ಬಸ್ಸಿನ ಪಾರ್ಸಲ್‌ನಲ್ಲಿ ತರಿಸಿದೆವು. ಜೋಡಿಯನ್ನೇ ಯಾಕೆ? ಒಟ್ಟಿಗೆ ತಿರುಗಿದ ಹಲ್ಲುಗಳು ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ಒಂದನ್ನೇ ಬದಲಿಸಿದರೆ ಸದ್ದು, ಸವೆತ ಎರಡೂ ಹೆಚ್ಚು. ಬೇರಿಂಗನ್ನು ಅದರ ಮೇಲಿನ ನಂಬರು ನೋಡಿ ಸಿಂಧನೂರಿನ ಅಂಗಡಿಯಲ್ಲೇ ತಂದೆವು. ಹಿತ್ತಾಳೆಯ ಸಲಾಕೆ ಕೊಯ್ದು ಲೇತಿನಲ್ಲಿ ಆರು ಪಿನ್ನು ಮಾಡಿಸಿದೆವು.

ಹಲ್ಲು ಎಣಿಸುವ ಕೆಲಸ ನನ್ನದು. ಪಿನಿಯನ್ನಿಗೆ 13, ದೊಡ್ಡ ಗೇರಿಗೆ 27. ಅಂದರೆ ಇಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಫ್ಯಾನು ತಿರುಗುವುದು ಸುಮಾರು 2,160 ಸುತ್ತು. ಸುತ್ತು ಕಡಿಮೆಯಾದಷ್ಟು ತಿರುಚುವ ಬಲ, ಅಂದರೆ ಟಾರ್ಕ್ ಹೆಚ್ಚುತ್ತದೆ. ಫಿಸಿಕ್ಸ್ ಪುಸ್ತಕದಲ್ಲಿ ಓದಿದ್ದು ಗ್ರೀಸು ಹತ್ತಿದ ಕೈಯಲ್ಲಿ ಅರ್ಥವಾಯಿತು.

ಹಲ್ಲುಗಳ ನಡುವಿನ ಸಂದು ಸರಿಮಾಡುವುದಕ್ಕೆ ಎರಡು ದಿನ ಹಿಡಿಯಿತು. ತೆಳು ವಾಷರು ಹಾಕುವುದು, ತೆಗೆಯುವುದು, ಮತ್ತೆ ನೋಡುವುದು. ಸಂದು ಕಡಿಮೆಯಾದರೆ ಗೇರು ಕಾಯುತ್ತದೆ, ಹೆಚ್ಚಾದರೆ ಬಡಿದುಕೊಂಡು ಮುರಿಯುತ್ತದೆ. ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ತುಂಬಿದೆವು. ಹಾಗೆ ಮಾಡಿದರೆ ಗಾಳಿ ಮೇಲಿನ ತೂತಿನಿಂದ ಹೊರಹೋಗುತ್ತದೆ. ನೀರೆತ್ತುವ ರಬ್ಬರ್ ಇಂಪೆಲ್ಲರನ್ನೂ ಬದಲಿಸಿದೆವು. ನೀರಿಲ್ಲದೆ ಓಡಿಸಿದರೆ ಅದು ಸುಟ್ಟುಹೋಗುವುದರಿಂದ ಮೊದಲ ಪರೀಕ್ಷೆ ನೀರು ತುಂಬಿದ ಡ್ರಮ್ಮಿನಲ್ಲಿ ನಡೆಯಿತು.

ಮರುದಿನ ಕೆರೆಯಲ್ಲಿ ಅಬ್ಬಾ “ಬಿಸ್ಮಿಲ್ಲಾ” ಎಂದು ಹಗ್ಗ ಎಳೆದರು. ಅದೇ ಹೊತ್ತಿಗೆ ಕಾಕಾ “ದುಗ್ಗಾ ದುಗ್ಗಾ” ಎಂದರು. ದೋಣಿ ಹೊರಟಿತು. ಆರು ದಿನ ಬಲೆ ಎಳೆದರು. ಒಂದಷ್ಟು ಮೀನು ಅಷ್ಟರಲ್ಲೇ ಸತ್ತಿದ್ದವು, ಆದರೂ ಮರಿ ಸಾಲ ತೀರಿತು. ಮೂರನೆಯ ದಿನ ಮತ್ತೆ ಒಂದು ಬೊಡ್ಡೆಗೆ ಬಡಿದು ಹಿತ್ತಾಳೆ ಪಿನ್ನು ತುಂಡಾಯಿತಂತೆ. ಕಾಕಾ ಹತ್ತು ನಿಮಿಷದಲ್ಲಿ ಬೇರೆ ಪಿನ್ನು ಹಾಕಿಕೊಂಡರು.

ನಮ್ಮ ಜಿಲ್ಲೆಯವರಿಗೆ ಒಂದು ತುಂಡಿನ ಬೆಲೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಮ್ಮ ಭತ್ತದ ನೀರು ಕಣ್ಣೆದುರೇ ಹರಿದುಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ತಡೆದರು. ಆ ಚೈನು ಮುರಿಯಲೇಬಾರದ ಭಾಗ, ನಮ್ಮ ಪಿನ್ನು ಮುರಿಯಲೇಬೇಕಾದ ಭಾಗ. ಯಂತ್ರದಲ್ಲಿ ಎರಡೂ ಇರುತ್ತವೆ. ಯಾವುದು ಯಾವುದೆಂದು ತಿಳಿದು, ಮೊದಲನೆಯದನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದು, ಎರಡನೆಯದನ್ನು ಜೇಬಿನಲ್ಲಿ ನಾಲ್ಕು ಹೆಚ್ಚಿಗೆ ಇಟ್ಟುಕೊಳ್ಳುವುದು ಮಿಸ್ತ್ರಿಯ ವಿದ್ಯೆ.

ಪಿಯುಸಿ ಮುಗಿಸಿ ಮೆಕ್ಯಾನಿಕಲ್ ಓದಬೇಕೆಂದಿದ್ದೇನೆ. ಅಬ್ಬಾ ಒಂದೇ ಮಾತು ಹೇಳಿದ್ದಾರೆ: “ಓದು ಬೇಟಾ, ಆದ್ರ ಪಾನಾ ಹಿಡಿಯೋದು ಬಿಡಬ್ಯಾಡ.”