ಬೊಂಬೆಗಳ ಹೊಳೆಗೆ ಟಿಕೆಟ್ಟು

ದಸರಾ ಮುಗಿಯುವ ತನಕ ಅಮ್ಮ ಮೈಸೂರು ಬಿಟ್ಟು ಕದಲುವವಳಲ್ಲ. ಬೊಂಬೆ ಕೂರಿಸಬೇಕು, ದಿನಾ ಸಂಜೆ ಆರತಿ ಮಾಡಬೇಕು, ಬಂದ ಮಕ್ಕಳಿಗೆಲ್ಲ ಬೊಂಬೆ ಬಾಗಿನ ಕೊಡಬೇಕು, ಆಮೇಲೆ ಒಂದೊಂದು ಬೊಂಬೆಯನ್ನೂ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೇರಿಸಬೇಕು. ಅಮೆರಿಕ ಏನಿದ್ದರೂ ಅದರ ನಂತರ. ಅಷ್ಟು ದಿನ ಸುಮ್ಮನೆ ಕಾಯುವುದು ನನ್ನ ಗಂಡನ ಜಾತಕದಲ್ಲಿಲ್ಲ. ಹಾಗಾಗಿ ಸನಿವೇಲ್‌ನ ನಮ್ಮ ಮನೆಯಲ್ಲಿ ಡಿಸ್ನಿಲ್ಯಾಂಡ್ ಪ್ರವಾಸದ ಎಕ್ಸೆಲ್ ಶೀಟು ಬೇಸಿಗೆಯಲ್ಲೇ ಹುಟ್ಟಿಕೊಂಡಿತು.

ಇಲ್ಲಿಂದ ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ಗೆ ಸುಮಾರು 600 ಕಿಲೋಮೀಟರ್. ದಾರಿಯದು ದೊಡ್ಡ ವಿಷಯವಲ್ಲ. ಐ-5 ಹೆದ್ದಾರಿ ಹಿಡಿದರೆ ಬಾದಾಮಿ ತೋಟಗಳನ್ನೂ ದನಗಳ ದೊಡ್ಡಿಯ ವಾಸನೆಯನ್ನೂ ದಾಟಿಕೊಂಡು ಅದೇ ಕರೆದೊಯ್ಯುತ್ತದೆ. ತಲೆನೋವು ಶುರುವಾಗುವುದು ಅಲ್ಲಿಗೆ ತಲುಪಿದ ಮೇಲೆ. ಟಿಕೆಟ್ಟಿನ ದರ ದಿನಕ್ಕೊಂದು. ಟಿಕೆಟ್ಟಿದ್ದರೆ ಸಾಲದು, ಇಂಥ ದಿನ ಬರುತ್ತೇವೆಂದು ಮೊದಲೇ ಕಾಯ್ದಿರಿಸಿರಬೇಕು. ಸಾಲು ತಪ್ಪಿಸಲು ಬೇರೆ ದುಡ್ಡು, ಅದಕ್ಕೆ ಬೇರೆ ಆ್ಯಪು. ಮಗಳಿಗೆ ಮ್ಯಾಟರ್‌ಹಾರ್ನ್ ರೋಲರ್ ಕೋಸ್ಟರ್ ಬೇಕೇ ಬೇಕು. ಅದಕ್ಕೆ 42 ಅಂಗುಲ ಎತ್ತರವಿರಬೇಕೆಂದು ಓದಿ, ತಮ್ಮನನ್ನು ಅಡುಗೆಮನೆ ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯುತ್ತಿದ್ದಾಳೆ. ಅವನು ಕಾಲ್ಬೆರಳ ಮೇಲೆ ನಿಂತರೂ ಗೆರೆ ಮುಟ್ಟುತ್ತಿಲ್ಲ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ತಲೆ ತಿರುಗುವ ಕಾಯಿಲೆ, ಜೊತೆಗೆ "ನಾನು ಬೆಂಚಿನ ಮೇಲೆ ಕೂತಿರ್ತೀನಿ, ನೀವು ಹೋಗಿಬನ್ನಿ" ಎಂಬ ತ್ಯಾಗಬುದ್ಧಿ. ಈ ತ್ಯಾಗವೊಂದಿದ್ದರೆ ಸಾಕು, ಯಾವ ಪ್ರವಾಸವಾದರೂ ಕೆಡುತ್ತದೆ.

ಶೀಟಿನಲ್ಲಿ ಎಲ್ಲರ ಹೆಸರಿನ ಮುಂದೆಯೂ ಹಸಿರು ಬಣ್ಣ ಬಿದ್ದದ್ದು ಒಂದೇ ಸಾಲಿಗೆ: 'ಇಟ್ಸ್ ಎ ಸ್ಮಾಲ್ ವರ್ಲ್ಡ್'. ದೋಣಿಯಲ್ಲಿ ಕೂತರೆ ಕಾಲುಗಂಟೆ ದೇಶದೇಶದ ಬೊಂಬೆ ಮಕ್ಕಳ ನಡುವೆ ತೇಲಿಸಿಕೊಂಡು ಹೋಗುವ ಸವಾರಿ. ಎತ್ತರದ ನಿಯಮವಿಲ್ಲ, ಧುಮುಕುವುದಿಲ್ಲ, ಕತ್ತಲಲ್ಲಿ ಹೆದರಿಸುವುದಿಲ್ಲ. ಗಾಲಿಕುರ್ಚಿ ಸಮೇತ ಏರುವ ದೋಣಿಯೂ ಇದೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಅದರಲ್ಲಿ ಕೂತಿದ್ದೆವು. ಹೊರಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಸುಡುಬಿಸಿಲು, ಒಳಗೆ ತಣ್ಣಗೆ ನೀರು. ಆ ಬೊಂಬೆಗಳು ಹಾಡುವ ಹಾಡು ಮಾತ್ರ ವಾಪಸು ಬಂದಮೇಲೂ ಬಿಡದೆ, ಪಾತ್ರೆ ತೊಳೆಯುವಾಗೆಲ್ಲ ಬಾಯಿಗೆ ಬರುತ್ತಿತ್ತು.

ಆ ಹಾಡಿನ ಹುಟ್ಟು ನಮ್ಮ ಮನೆಯ ಸದ್ಯದ ಗಲಾಟೆಗೆ ತೀರಾ ದೂರದ್ದಲ್ಲ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಪೆಪ್ಸಿ ಕಂಪನಿಗೆ ಯೂನಿಸೆಫ್ ಗೌರವಾರ್ಥ ಒಂದು ಪ್ರದರ್ಶನ ಬೇಕಿತ್ತು. ಕಂಪನಿಯ ಮಂಡಳಿಯಲ್ಲಿದ್ದ ಸಿನಿಮಾ ತಾರೆ ಜೋನ್ ಕ್ರಾಫರ್ಡ್ ಪಟ್ಟು ಹಿಡಿದು ಕೆಲಸವನ್ನು ವಾಲ್ಟ್ ಡಿಸ್ನಿಗೆ ಕೊಡಿಸಿದಳೆನ್ನುತ್ತಾರೆ. ಅದೇ ಮೇಳಕ್ಕೆ ಫೋರ್ಡ್, ಜನರಲ್ ಎಲೆಕ್ಟ್ರಿಕ್ ಮತ್ತು ಇಲಿನಾಯ್ ರಾಜ್ಯದ ಕೆಲಸ ಡಿಸ್ನಿಯ ತಂಡ ಆಗಲೇ ಒಪ್ಪಿಕೊಂಡಿತ್ತು; ಇದಕ್ಕೆ ಉಳಿದದ್ದು ವರ್ಷಕ್ಕೂ ಕಡಿಮೆ ಕಾಲ. ಮೊದಲ ಯೋಚನೆ ಸರಳವಾಗಿತ್ತು: ಪ್ರತಿ ದೇಶದ ಬೊಂಬೆಯೂ ತನ್ನ ತನ್ನ ರಾಷ್ಟ್ರಗೀತೆ ಹಾಡಲಿ. ಹಾಡಿಸಿ ನೋಡಿದರೆ ಶುದ್ಧ ಸಂತೆಗದ್ದಲ. ಆಗ ಡಿಸ್ನಿ ಕರೆಸಿದ್ದು ರಾಬರ್ಟ್ ಮತ್ತು ರಿಚರ್ಡ್ ಶೆರ್ಮನ್ ಎಂಬ ಅಣ್ಣತಮ್ಮಂದಿರನ್ನು.

ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಬಿಸಿ ಇನ್ನೂ ಆರಿರಲಿಲ್ಲ. ಹಾಗಾಗಿ ಅವರು ಮೊದಲು ಬರೆದು ತಂದದ್ದು ನಿಧಾನಗತಿಯ, ಪ್ರಾರ್ಥನೆಯಂಥ ಹಾಡು. ಇನ್ನಷ್ಟು ಲವಲವಿಕೆ ಇರಲಿ ಎಂದ ಡಿಸ್ನಿ. ಲಯ ಚುರುಕಾಯಿತು. ಅದರ ರಚನೆಯ ಜಾಣತನ ನನಗೆ ಗೊತ್ತಾದದ್ದು ಈಚೆಗೆ: ಪಲ್ಲವಿಯನ್ನೂ ಚರಣವನ್ನೂ ಒಟ್ಟಿಗೇ ಹಾಡಿದರೂ ಒಂದಕ್ಕೊಂದು ತಾಗದೆ ಕೂಡಿಕೊಳ್ಳುತ್ತವೆ. ಒಂದು ಕೋಣೆಯಲ್ಲಿ ಪಲ್ಲವಿ, ಪಕ್ಕದ ಕೋಣೆಯಲ್ಲಿ ಇನ್ನೊಂದು ಭಾಷೆಯಲ್ಲಿ ಚರಣ ನಡೆಯುತ್ತಿದ್ದರೂ ನಡುವಿನ ದೋಣಿಯಲ್ಲಿ ಕೂತವರಿಗೆ ಕಿರಿಕಿರಿಯಾಗುವುದಿಲ್ಲ. ಹಾಡನ್ನು ಗೇಲಿ ಮಾಡುವವರು ಬಹಳ. ನನ್ನ ಮಟ್ಟಿಗೆ, ಗುನುಗಿ ಗುನುಗಿ ಸುಸ್ತಾದ ಮೇಲೂ, ಇದು ಅಪ್ಪಟ ಕಸುಬುದಾರಿಕೆ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದರ 1964ರ ಧ್ವನಿಮುದ್ರಣವನ್ನು ರಾಷ್ಟ್ರೀಯ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಸವಾರಿಯ ಬಣ್ಣಗಳು ಮೇರಿ ಬ್ಲೇರ್ ಎಂಬ ಕಲಾವಿದೆಯವು. 'ಸಿಂಡ್ರೆಲಾ', 'ಪೀಟರ್ ಪ್ಯಾನ್' ಚಿತ್ರಗಳ ವರ್ಣಲೋಕವನ್ನು ಕಲ್ಪಿಸಿದವಳು ಆಕೆ. ಗುಲಾಬಿಯ ಪಕ್ಕ ಕಿತ್ತಳೆ, ಅದರ ಪಕ್ಕ ನೇರಳೆ. ನಮ್ಮಲ್ಲಿ ರೇಷ್ಮೆ ಸೀರೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಇಷ್ಟು ಧೈರ್ಯ ಯಾರೂ ಮಾಡುವುದಿಲ್ಲ. ಬೊಂಬೆಗಳ ಉಡುಪು ಆಲಿಸ್ ಡೇವಿಸ್‌ಳದು. ಐಫೆಲ್ ಗೋಪುರದ ನಡುವೆ ಬಲೂನು ಹಿಡಿದು ನಿಂತ ಹೊಂಗೂದಲ ಹುಡುಗಿ ಮೇರಿ ಬ್ಲೇರಳೇ ಎನ್ನುತ್ತಾರೆ. ಈ ಸಲ ಹುಡುಕಬೇಕು.

ದೋಣಿಯ ಕಥೆ ಮಾತ್ರ ನನಗೆ ಪಕ್ಕದ ಬೀದಿಯದು. ದೋಣಿಗೆ ಎಂಜಿನ್ನಿಲ್ಲ, ಕಾಲುವೆಯಲ್ಲಿ ಚಿಮ್ಮುವ ನೀರಿನ ಸೆಳೆತವೇ ಅದನ್ನು ಮುಂದೆ ತಳ್ಳುತ್ತದೆ. ಈ ಏರ್ಪಾಟಿನಲ್ಲಿ ಕೈಯಿದ್ದದ್ದು ಆ್ಯರೋ ಡೆವಲಪ್‌ಮೆಂಟ್ ಎಂಬ ಕಂಪನಿಯದು, ಅದು ಹುಟ್ಟಿದ್ದು ಮೌಂಟನ್ ವ್ಯೂನಲ್ಲಿ. ಮಗಳು ಹಂಬಲಿಸುತ್ತಿರುವ 1959ರ ಮ್ಯಾಟರ್‌ಹಾರ್ನ್ ಕೂಡ ಅವರದೇ ಕೈಚಳಕ. ಇವತ್ತು ಸಾಫ್ಟ್‌ವೇರಿನವರೇ ತುಂಬಿರುವ, ದಿನಾ ನಾನು ತರಕಾರಿಗೆ ಹೋಗುವ ಊರಿನಲ್ಲಿ ಒಂದು ಕಾಲಕ್ಕೆ ಕಬ್ಬಿಣ ಬಗ್ಗಿಸಿ ಜೋಕಾಲಿ ಮಾಡುತ್ತಿದ್ದರು! ಈ ದೋಣಿಗಳು ನಿಲ್ಲದೆ ಒಂದರ ಹಿಂದೊಂದು ಬಂದು ಜನರನ್ನು ಹೊತ್ತೊಯ್ದ ರೀತಿ ಡಿಸ್ನಿಗೆ ಎಷ್ಟು ಹಿಡಿಸಿತೆಂದರೆ, ನಡೆದುಕೊಂಡು ನೋಡುವ ಹಾಗೆ ಯೋಜಿಸಿದ್ದ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸಹ ದೋಣಿ ಸವಾರಿಯಾಯಿತು. 'ಸ್ಮಾಲ್ ವರ್ಲ್ಡ್'ನ ಸಾಲು ಉದ್ದವಿದ್ದರೂ ಬೇಗ ಸಾಗುವುದು ದೋಣಿಗಳು ಹೀಗೆ ನಿಲ್ಲದೆ ಬರುವ ಕಾರಣಕ್ಕೆ. ಗಂಡ ತನ್ನ ಶೀಟಿನಲ್ಲಿ ಇದರ ಮುಂದೆ 'ಯಾವಾಗಲಾದರೂ' ಎಂದು ಬರೆದಿದ್ದಾನೆ. ಅವನ ಬಾಳಿನಲ್ಲೇ ಆ ಪದ ಶೀಟೊಂದಕ್ಕೆ ಹತ್ತಿದ್ದು ಇದೇ ಮೊದಲು.

ಮೇಳ ಮುಗಿದ ಮೇಲೆ ಇಡೀ ಸರಂಜಾಮು ಕ್ಯಾಲಿಫೋರ್ನಿಯಾಕ್ಕೆ ಬಂತು. 1966ರ ಮೇ 28ರಂದು ಉದ್ಘಾಟನೆ. ಲೋಕದ ನಾನಾ ನದಿ ಸಮುದ್ರಗಳಿಂದ ತಂದ ನೀರನ್ನು ಮಕ್ಕಳು ಆ ಕಾಲುವೆಗೆ ಸುರಿದರು. ಇದನ್ನು ಫೋನಿನಲ್ಲಿ ಹೇಳಿದಾಗ ಅಮ್ಮನ ಕಿವಿ ನೆಟ್ಟಗಾಯಿತು.

"ಕಾವೇರಿ ನೀರೂ ಇತ್ತೇನೇ?"

"ಇದ್ದಿದ್ದರೆ ತಮಿಳುನಾಡು ಅಲ್ಲಿಗೂ ಕೇಸು ಹಾಕಿರೋದು" ಎಂದರು ಹಿಂದಿನಿಂದ ಅಪ್ಪ.

ಅಮ್ಮನಿಗೆ ಈ ಸವಾರಿಯನ್ನು ವಿವರಿಸುವುದು ಸುಲಭವಾಯಿತು: ಅವಳ ಬೊಂಬೆ ಹಬ್ಬದ ಮೆಟ್ಟಿಲುಗಳ ನಡುವೆ ಹೊಳೆ ಹರಿಸಿದ ಹಾಗೆ ಎಂದೆ. ಕೂಡಲೇ ತನಿಖೆ ಶುರು. ಎಷ್ಟು ಬೊಂಬೆ? 300ಕ್ಕೂ ಮೇಲು. ಪಟ್ಟದ ಬೊಂಬೆ ಎಲ್ಲಿಟ್ಟಿದ್ದಾರೆ? ಇಲ್ಲಮ್ಮ, ರಾಜ ರಾಣಿ ಇಲ್ಲ, ಬರೀ ಮಕ್ಕಳು. ಶೆಟ್ಟಿ ಅಂಗಡಿ? ಅದೂ ಇಲ್ಲ. ಇಂಡಿಯಾ ಇದೆ ತಾನೆ? ಇದೆ, ತಾಜ್ ಮಹಲ್ ಇದೆ. "ಬರೀ ತಾಜ್ ಮಹಲ್ಲಾ? ನಮ್ಮ ಅರಮನೆ ಏನು ಪಾಪ ಮಾಡಿತ್ತು?" ಬೊಂಬೆಗಳಿಗೆಲ್ಲ ಮುಖದ ಅಚ್ಚು ಒಂದೇ, ಮೈಬಣ್ಣ ಮತ್ತು ಬಟ್ಟೆ ಮಾತ್ರ ಬೇರೆ ಎಂಬ ಟೀಕೆ ಇದೆ, ಒಂದೊಂದು ದೇಶವನ್ನೂ ಒಂದು ಗೋಪುರ, ಒಂದು ಟೊಪ್ಪಿಗೆಗೆ ಇಳಿಸಿಬಿಟ್ಟಿದ್ದಾರೆ ಎಂಬ ದೂರೂ ಇದೆ. ಎರಡೂ ನ್ಯಾಯವೇ. ಆದರೆ ಅಮ್ಮನ ಮೆಟ್ಟಿಲಿನ ಮೇಲೆ ಇಂಗ್ಲಿಷರೆಂದರೆ ಕೆಂಪು ಕೋಟಿನ ಬ್ಯಾಂಡ್‌ಸೆಟ್ಟು, ಕಾಶ್ಮೀರವೆಂದರೆ ಒಂದು ದೋಣಿ. ಲಂಡನ್ನಿನವರು ಬಂದು ನೋಡಿದರೆ ಏನೆಂದಾರು?

ಈಗ ಉಳಿದಿರುವುದು ದಿನಾಂಕದ ಜಗಳ. 1997ರಿಂದ ಪ್ರತಿ ಚಳಿಗಾಲ ಇಡೀ ಸವಾರಿಗೆ ಕ್ರಿಸ್ಮಸ್ ಸಿಂಗಾರ ಮಾಡುತ್ತಾರೆ. ಆಗ ಬೊಂಬೆಗಳು ತಮ್ಮ ಹಾಡಿನ ನಡುನಡುವೆ 'ಜಿಂಗಲ್ ಬೆಲ್ಸ್' ಹಾಡುತ್ತವೆ. ಸಿಂಗಾರ ಏರಿಸಲು, ಇಳಿಸಲು ಕೆಲವು ದಿನ ಬಾಗಿಲು ಹಾಕಿರುತ್ತದೆ, ಅದನ್ನು ನೋಡಿಕೊಂಡೇ ಹೊರಡಬೇಕು. ಮಗಳಿಗೆ ಸಿಂಗಾರ ಬೇಕು, ಶಾಲೆಗೆ ರಜೆಯೂ ಆಗಲೇ, ಜನಸಾಗರವೂ ಆಗಲೇ. ಮೊದಲ ಸಲ ನೋಡುವವರು ಮೂಲ ರೂಪದಲ್ಲೇ ನೋಡಬೇಕೆಂಬುದು ನನ್ನ ಹಟ. ಗಂಡನಿಗೆ ಅಗ್ಗದ ದಿನ ಬೇಕು. ಅಪ್ಪ ಆಗಲೇ ಬೆಂಚು ಆರಿಸಿಕೊಂಡಾಗಿದೆ.

ಊಟದ ವಿಷಯದಲ್ಲಿ ಮಾತ್ರ ತಕರಾರಿಲ್ಲ. ನಮ್ಮ ತಿಂಡಿ ನಾವೇ ಒಳಗೊಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಕೂಡದು ಎಂಬ ನಿಯಮ ಓದಿ ಹೇಳಿದೆ. ಮಾರನೆಯ ದಿನವೇ ಅಮ್ಮ ಸೂಟ್‌ಕೇಸ್ ತೆರೆದು ಸ್ಟೀಲಿನ ನಾಲ್ಕು ಅಂತಸ್ತಿನ ಕ್ಯಾರಿಯರ್ ಇಟ್ಟಳಂತೆ. ಬೊಂಬೆ ಕೂರಿಸಲು ಇನ್ನೂ ಎರಡು ತಿಂಗಳಿದೆ. ಪುಳಿಯೋಗರೆ ಗೊಜ್ಜು ಆಗಲೇ ತಯಾರಾಗಿದೆ.